ಮಗಳು ಜಿರಳೆ ಸಾಕಬೇಕು ಎನ್ನುತ್ತಿದ್ದಾಳೆ, ಎಲ್ಲಿಂದ ಶುರು ಮಾಡಲಿ?

ಮಧುಗಿರಿ ತವರು · ಜೂನ್ 12

ಎಲ್ಲರಿಗೂ ನಮಸ್ಕಾರ. ಆರನೆಯ ತರಗತಿಯಲ್ಲಿ ಓದುವ ನನ್ನ ಮಗಳು ಜಿರಳೆ ಸಾಕಬೇಕೆಂದು ಹಟ ಹಿಡಿದು ಕೂತಿದ್ದಾಳೆ. ಬೇಡ ಎನ್ನಲು ನನಗೂ ಮನಸ್ಸಿಲ್ಲ, ಹೇಗೆ ಎಂಬುದು ಮಾತ್ರ ತಿಳಿಯದು.

ನಡೆದದ್ದು ಇಷ್ಟು. ಮೃಗಶಿರಾ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ಮಧುಗಿರಿ ಹತ್ತಿರದ ತವರಿನಲ್ಲಿದ್ದೆವು. ಹಿತ್ತಲಿನ ಹುಣಸೆ ಮರದ ಬುಡದಲ್ಲಿ ಅಮ್ಮ ತರಗೆಲೆ ಗುಡಿಸುತ್ತಿದ್ದಾಗ ಐದಾರು ಹುಳುಗಳು ಹೊರಗೆ ಓಡಿದವು. ಕಪ್ಪು ಮೈ, ಅದರ ಮೇಲೆ ಸುಣ್ಣದ ಬೊಟ್ಟು ಇಟ್ಟಂತೆ ಬಿಳಿ ಚುಕ್ಕೆಗಳು. ಅಣ್ಣ ಅದನ್ನು ದುಂಬಿ ಎಂದ. ಮಗಳು ಮೊಬೈಲಿನಲ್ಲಿ ಹುಡುಕಿ, ಇದು ಜಿರಳೆ, ಡಾಮಿನೊ ಜಿರಳೆ ಎಂದಳು. ಅಂದಿನಿಂದ ಬೇರೆ ಮಾತೇ ಇಲ್ಲ.

ನಾವಿರುವುದು ಬೆಂಗಳೂರಿನಲ್ಲಿ, ಎರಡನೆಯ ಮಹಡಿಯ ಬಾಡಿಗೆ ಮನೆ. ಅತ್ತೆಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ: ‘ಮನೆಯಲ್ಲಿರುವುದನ್ನು ಓಡಿಸಲು ದುಡ್ಡು ಸುರಿಯುತ್ತೇವೆ, ಹೊರಗಿನದನ್ನು ಹೊತ್ತು ತರುತ್ತೀಯಾ?’ ಮುಂದಿನ ಭಾನುವಾರ ಮತ್ತೆ ಊರಿಗೆ ಹೋಗುತ್ತೇವೆ. ಸಾಕಿದವರು ಯಾರಾದರೂ ಇದ್ದರೆ ಹೇಳಿ. ಡಬ್ಬಿ ಎಂಥದ್ದು ಬೇಕು? ಏನು ತಿನ್ನುತ್ತವೆ? ತಪ್ಪಿಸಿಕೊಂಡರೆ ಮನೆಯೆಲ್ಲ ಹಬ್ಬುತ್ತವೆಯೇ?

ಬಸವನಗುಡಿ 4

ಅತ್ತೆಯವರು ಹೇಳುವುದೇ ಸರಿ. ಜಿರಳೆ ಎಂದರೆ ಮೋರಿ, ಮೋರಿ ಎಂದರೆ ಕಾಯಿಲೆ. ಮಗುವಿಗೆ ಮೀನಿನ ತೊಟ್ಟಿ ಕೊಡಿಸಿ.

ತರಗೆಲೆ

ಬಸವನಗುಡಿಯವರೇ, ಒಂದೇ ಮಾತಿನಲ್ಲಿ ಇಡೀ ಕುಲವನ್ನು ಮೋರಿಗೆ ತಳ್ಳಬೇಡಿ. ಜಗತ್ತಿನಲ್ಲಿ ಹೆಸರಿಟ್ಟಿರುವ ಜಿರಳೆ ಪ್ರಭೇದಗಳು 4,500ಕ್ಕಿಂತ ಹೆಚ್ಚು. ಮನುಷ್ಯರ ಮನೆಗೆ ಅಂಟಿಕೊಂಡು ಬದುಕುವಂಥವು ಸುಮಾರು 30 ಅಷ್ಟೆ. ಉಳಿದವು ಕಾಡಿನ ನೆಲದಲ್ಲಿ, ಕೊಳೆತ ಮರದೊಳಗೆ, ತರಗೆಲೆಯ ಅಡಿಯಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ. ನಮ್ಮ ಅಡುಗೆಮನೆ ಅವುಗಳಿಗೆ ಬೇಕಾಗಿಯೇ ಇಲ್ಲ.

ಮಧುಗಿರಿಯವರೇ, ನಾನು ಆರು ವರ್ಷದಿಂದ ಡಾಮಿನೊ ಜಿರಳೆ ಸಾಕುತ್ತಿದ್ದೇನೆ. ಎಲ್ಲವನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ಒಂದು ಪ್ರಶ್ನೆ: ಚುಕ್ಕೆ ಎಷ್ಟಿದ್ದವು? ಎಣಿಸಿದ್ದೀರಾ?

ಮಧುಗಿರಿ ತವರು

ಮಗಳು ಆರು ಎನ್ನುತ್ತಾಳೆ. ನನಗೆ ಏಳು ಕಂಡಂತಿತ್ತು. ಫೋಟೊ ಮಸುಕಾಗಿದೆ. ಒಂದು ಚುಕ್ಕೆಯಿಂದ ಏನು ವ್ಯತ್ಯಾಸ?

ತರಗೆಲೆ

ಬಹಳ ವ್ಯತ್ಯಾಸ. ದಯವಿಟ್ಟು ಇದನ್ನು ಮಗಳಿಗೂ ಓದಿಸಿ.

ಅದೇ ಕುರುಚಲು ಕಾಡಿನಲ್ಲಿ, ಅದೇ ಮಳೆಗಾಲದಲ್ಲಿ ಆರು ಚುಕ್ಕೆಯ ನೆಲದುಂಬಿಯೂ ಓಡಾಡುತ್ತದೆ. ಆಂಥಿಯಾ ಸೆಕ್ಸ್‌ಗುಟ್ಟಾಟಾ ಎಂದು ಅದರ ಹೆಸರು. ಅದು ಬೇಟೆಗಾರ ದುಂಬಿ. ಕೆಣಕಿದರೆ ಹಿಂಬದಿಯಿಂದ ಆಮ್ಲ ಚಿಮ್ಮಿಸುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಅದನ್ನು ಹಕ್ಕಿಗಳೂ ಓತಿಕ್ಯಾತಗಳೂ ಒಮ್ಮೆ ಮುಟ್ಟಿದರೆ ಮತ್ತೆ ಮುಟ್ಟುವುದಿಲ್ಲ. ನಮ್ಮ ಜಿರಳೆ ಅದೇ ವೇಷ ತೊಟ್ಟು ಜೀವ ಉಳಿಸಿಕೊಳ್ಳುತ್ತದೆ ಎಂಬುದು ಕೀಟತಜ್ಞರ ವಿವರಣೆ.

ಚುಕ್ಕೆಯನ್ನೊಂದೇ ನಂಬಬೇಡಿ, ಬೆನ್ನನ್ನು ನೋಡಿ. ದುಂಬಿಯ ಬೆನ್ನಿನ ನಡುವೆ ಹೊಲಿಗೆ ಹಾಕಿದಂತೆ ನೇರ ಗೆರೆ ಇರುತ್ತದೆ, ಎರಡು ರೆಕ್ಕೆಗಳು ಅಂಚಿಗೆ ಅಂಚು ಕೂಡುತ್ತವೆ. ಜಿರಳೆಯದು ಹಾಗಲ್ಲ, ಒಂದು ರೆಕ್ಕೆ ಇನ್ನೊಂದರ ಮೇಲೆ ಸೆರಗಿನಂತೆ ಹೊದ್ದಿರುತ್ತದೆ. ದುಂಬಿಗೆ ಮುಂದಕ್ಕೆ ಚಾಚಿದ ಇಕ್ಕಳದಂಥ ದವಡೆ, ತೆಳು ಸೊಂಟ, ನಮ್ಮ ಜಿರಳೆಯ ಹೆಚ್ಚುಕಡಿಮೆ ಎರಡರಷ್ಟು ಉದ್ದ. ಜಿರಳೆಯ ತಲೆ ಗುರಾಣಿಯ ಕೆಳಗೆ ಅಡಗಿರುತ್ತದೆ, ಮೇಲಿನಿಂದ ನೋಡಿದರೆ ಮೀಸೆ ಮಾತ್ರ ಕಾಣುತ್ತದೆ.

ಹಳೆಯ ಮೇಷ್ಟ್ರು

ಅಣ್ಣನವರು ದುಂಬಿ ಎಂದದ್ದರಲ್ಲಿ ತಪ್ಪೇನಿಲ್ಲ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಕೂಡ ಇದನ್ನು ದುಂಬಿ ಎಂದೇ ತಿಳಿದು ‘ಕ್ಯಾಸಿಡಾ’ ಎಂಬ ದುಂಬಿಗಳ ಕುಲದಲ್ಲಿ ಇಟ್ಟಿದ್ದ. ಈಗ ಇದು ಥೇರಿಯಾ ಪೆಟಿವೆರಿಯಾನಾ. ಮದರಾಸಿಗೆ ಬಂದು ಇದನ್ನು ಹಿಡಿದ ಜೇಮ್ಸ್ ಪೆಟಿವರ್ ಹೆಸರು ಅದರಲ್ಲಿ ಉಳಿದಿದೆ.

ಕಡತ

ಮೇಷ್ಟ್ರೇ, ಒಂದು ತಿದ್ದುಪಡಿ. ಪೆಟಿವರ್ ಮದರಾಸಿಗೆ ಬಂದವನಲ್ಲ. ಅವನು ಲಂಡನ್ನಿನಲ್ಲಿ ಔಷಧದ ಅಂಗಡಿ ಇಟ್ಟಿದ್ದವನು, 1718ರಲ್ಲಿ ತೀರಿಕೊಂಡ. ಹಡಗಿನ ವೈದ್ಯರು, ಕಂಪನಿಯ ನೌಕರರು ಊರೂರಿಂದ ಕಳಿಸುತ್ತಿದ್ದ ಗಿಡ, ಹುಳು, ಚಿಪ್ಪುಗಳನ್ನು ಕೂಡಿಟ್ಟವನು. ಮದರಾಸಿನಿಂದಲೂ ಅವನಿಗೆ ಸರಕು ಹೋಗುತ್ತಿತ್ತು.

ಹಳೆಯ ಮೇಷ್ಟ್ರು

ಸರಿ, ಒಪ್ಪಿದೆ. ಇಷ್ಟು ವರ್ಷ ತಪ್ಪಾಗಿ ಹೇಳುತ್ತಿದ್ದೆ. ತಿದ್ದಿದ್ದಕ್ಕೆ ಕೃತಜ್ಞ.

ಮಧುಗಿರಿ ತವರು · ಜೂನ್ 13

ಅಣ್ಣನಿಂದ ಹೊಸ ಫೋಟೊ ತರಿಸಿಕೊಂಡೆ. ಏಳು ಚುಕ್ಕೆ. ರೆಕ್ಕೆ ಒಂದರ ಮೇಲೊಂದು ಹೊದ್ದಿದೆ, ತಲೆ ಕಾಣುತ್ತಿಲ್ಲ. ‘ಸೆರಗಿನಂತೆ’ ಎಂದದ್ದನ್ನು ಮಗಳು ತಕ್ಷಣ ಗುರುತಿಸಿದಳು. ಇನ್ನು ಡಬ್ಬಿಯ ವಿಷಯ ಹೇಳಿ.

ತರಗೆಲೆ

ಹತ್ತು ಲೀಟರಿನ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ ಧಾರಾಳವಾಯಿತು. ಮುಚ್ಚಳದಲ್ಲಿ ಅಂಗೈಯಗಲ ಕಿಂಡಿ ಕತ್ತರಿಸಿ ಸ್ಟೀಲ್ ಜಾಲರಿ ಅಂಟಿಸಿ. ಸೊಳ್ಳೆಪರದೆಯ ನೈಲಾನ್ ಬೇಡ, ಕಡಿದು ಹಾಕುತ್ತವೆ. ದೊಡ್ಡವಕ್ಕೆ ರೆಕ್ಕೆ ಇದೆ, ಸ್ವಲ್ಪ ದೂರ ಹಾರುತ್ತವೆ, ಹಾಗಾಗಿ ಮುಚ್ಚಳ ತೆಗೆದಿಟ್ಟು ಫೋನ್ ಎತ್ತಲು ಹೋಗಬೇಡಿ.

ಒಳಗಿನ ಮಣ್ಣೇ ಎಲ್ಲಕ್ಕಿಂತ ಮುಖ್ಯ. ಇವುಗಳ ಬಾಳಿನ ಬಹುಭಾಗ ನೆಲದಡಿಯಲ್ಲೇ ಕಳೆಯುತ್ತದೆ. ನರ್ಸರಿಯಲ್ಲಿ ಸಿಗುವ ತೆಂಗಿನ ನಾರಿನ ಪುಡಿಯನ್ನು ತನ್ನಿ, ಗೊಬ್ಬರ ಬೆರೆಸಿಲ್ಲ ಎಂದು ಕೇಳಿಕೊಂಡೇ ತನ್ನಿ. ಎರಡು ಸಲ ತೊಳೆದು ಹಿಂಡಿ. ಅದಕ್ಕೆ ಸಮಪಾಲು ಪುಡಿಮಾಡಿದ ತರಗೆಲೆ, ಸಿಕ್ಕರೆ ಬೆರಳಿನಲ್ಲಿ ಹಿಸುಕಿದರೆ ಉದುರುವಂಥ ಕೊಳೆತ ಮರ. ತರಗೆಲೆಯನ್ನು ಹಳೆಯ ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಹಬೆಗಿಟ್ಟು ಆರಿಸಿ, ಇರುವೆ ಮತ್ತು ನುಸಿ ಸಾಯುತ್ತವೆ. ಡಬ್ಬಿಯಲ್ಲಿ ನಾಲ್ಕು ಇಂಚು ಆಳಕ್ಕೆ ತುಂಬಿ. ತೇವ ಎಷ್ಟಿರಬೇಕು ಎಂದರೆ, ಒಂದು ಹಿಡಿ ತೆಗೆದು ಹಿಂಡಿದಾಗ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ಹನಿ ಇಳಿಯಬಾರದು. ಒಂದು ಬದಿಗೆ ಮಾತ್ರ ನೀರು ಚಿಮುಕಿಸಿ, ಇನ್ನೊಂದು ಬದಿ ಒಣಗಿರಲಿ. ಎಲ್ಲಿರಬೇಕೆಂದು ಅವೇ ಆರಿಸಿಕೊಳ್ಳುತ್ತವೆ.

ತಿನ್ನುವುದು ತರಗೆಲೆಯನ್ನೇ. ಮೇಲಿಂದ ಸಿಪ್ಪೆ ತೆಗೆದ ಕ್ಯಾರೆಟ್, ಸೌತೆಕಾಯಿ, ಸೇಬಿನ ಚೂರು, ಎರಡು ಕಾಳು ಮೀನಿನ ಆಹಾರ. ಮಾರನೆಯ ದಿನ ಉಳಿದದ್ದನ್ನು ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ.

ಮನೆಯಂಗಳ

ಯಾವ ಎಲೆಯಾದರೂ ಆಗುತ್ತದೆಯೇ? ನಮ್ಮ ಬೀದಿಯ ತುಂಬ ಹೊಂಗೆ ಇದೆ.

ತರಗೆಲೆ

ಹೊಂಗೆ ಬೇಡ, ಬೇವು ಬೇಡವೇ ಬೇಡ. ಎರಡರಲ್ಲೂ ಕೀಟಗಳನ್ನು ದೂರವಿಡುವ ಗುಣವಿದೆ. ನಮ್ಮ ಅಜ್ಜಿಯರು ಅಕ್ಕಿ ಡಬ್ಬಕ್ಕೆ ಬೇವಿನೆಲೆ ಹಾಕುತ್ತಿದ್ದದ್ದು ಅದಕ್ಕೇ. ನೀಲಗಿರಿಯೂ ಬೇಡ. ನಾನು ಹಲಸು ಮತ್ತು ಮಾವಿನ ಒಣಗಿದ ಎಲೆ ಹಾಕುತ್ತೇನೆ. ಮಧುಗಿರಿಯವರಿಗೆ ಇನ್ನೂ ಸುಲಭ: ಹುಳು ಸಿಕ್ಕ ಮರದ ಕೆಳಗಿನ ಕಸವನ್ನೇ ಒಂದು ಚೀಲ ತುಂಬಿಕೊಳ್ಳಿ.

ಶಿರಸಿ ತೋಟ

ಇಷ್ಟೆಲ್ಲ ಓದಿದ ಮೇಲೆ ನನ್ನದೊಂದು ತಕರಾರು. ಆ ಹುಳುವಿಗೆ ಹುಣಸೆ ಮರದ ಬುಡವೇ ಮನೆ. ಮಣ್ಣು, ಎಲೆ, ತೇವ, ಒಣಗು ಎಲ್ಲವೂ ಅಲ್ಲೇ ಇದೆ. ಅದನ್ನು ಎತ್ತಿ ಬೆಂಗಳೂರಿನ ಎರಡನೆಯ ಮಹಡಿಗೆ ತಂದು, ಅದೇ ಮಣ್ಣನ್ನು ಡಬ್ಬಿಯಲ್ಲಿ ಕಟ್ಟಿಕೊಡಲು ಹೆಣಗುವುದೇಕೆ? ಗುಡಿಸುವುದನ್ನು ನಿಲ್ಲಿಸಿ, ಸಾಕು. ನಮ್ಮ ಹಿತ್ತಲುಗಳಲ್ಲಿ ತರಗೆಲೆಗೆ ಬೆಂಕಿ ಹಚ್ಚುವ ಅಭ್ಯಾಸವೇ ಇವುಗಳಿಗೆ ದೊಡ್ಡ ಶತ್ರು.

ತರಗೆಲೆ

ಬೆಂಕಿಯ ಮಾತು ನೂರಕ್ಕೆ ನೂರು ನಿಜ. ಆದರೆ ಮಗು ಹುಳುವಿನ ಬಾಳನ್ನು ನೋಡುವುದು ಹೇಗೆ? ಚುಕ್ಕೆಯ ಜಿರಳೆ ಹೊರಗೆ ಕಾಣುವುದು ವರ್ಷದಲ್ಲಿ ಕೆಲವು ವಾರ, ದೊಡ್ಡದಾದ ಮೇಲೆ ಅದರ ಆಯಸ್ಸೂ ಹೆಚ್ಚಿಲ್ಲ. ಅದರ ಮರಿಯನ್ನು ನೋಡಿದವರು ಎಷ್ಟು ಮಂದಿ? ಚುಕ್ಕೆಯೇ ಇಲ್ಲದ, ಮಣ್ಣಿನ ಬಣ್ಣದ, ಗುಂಡಗಿನ ಮರಿ. ಮುಟ್ಟಿದರೆ ಮಣ್ಣಿನ ಹೆಂಟೆಯಂತೆ ಸುಮ್ಮನಾಗಿಬಿಡುತ್ತದೆ. ನಾನು ಅದನ್ನು ಮೊದಲು ನೋಡಿದ್ದು ಡಬ್ಬಿಯಲ್ಲೇ.

ಶಿರಸಿ ತೋಟ

ನೋಡುವ ಆಸೆ ನಮ್ಮದು. ಬೆಲೆ ತೆರುವುದು ಹುಳು. ನಾನು ಒಪ್ಪುವುದಿಲ್ಲ.

ಕಡತ

ಕಾನೂನಿನ ಮಾತನ್ನೂ ಸೇರಿಸುತ್ತೇನೆ. ಸ್ವಂತ ಹಿತ್ತಲು ಬೇರೆ, ಕಾಡು ಬೇರೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿಂದ ಒಂದು ಹುಳುವನ್ನೂ ಅನುಮತಿಯಿಲ್ಲದೆ ಎತ್ತುವಂತಿಲ್ಲ. 2008ರಲ್ಲಿ ಡಾರ್ಜಿಲಿಂಗ್ ಕಡೆಯ ಸಿಂಗಾಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ದುಂಬಿ ಮತ್ತು ಚಿಟ್ಟೆ ಹಿಡಿದದ್ದಕ್ಕೆ ಇಬ್ಬರು ಚೆಕ್ ದೇಶದವರು ಬಂಧನಕ್ಕೊಳಗಾಗಿದ್ದರು. ವಿದೇಶದ ಗೆಳೆಯರು ಕೇಳಿದರೆಂದು ಅಂಚೆಯಲ್ಲಿ ಕಳಿಸಲೂ ಹೋಗಬೇಡಿ, ಅಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ.

ಸ್ಟುಟ್‌ಗಾರ್ಟ್ ಕನ್ನಡಿಗ

ನಾನಿರುವುದು ಜರ್ಮನಿಯಲ್ಲಿ. ಆರಂಭಿಸುವವರಿಗೆ ಇಲ್ಲಿ ಎಲ್ಲರೂ ಹೇಳುವುದು ಮಡಗಾಸ್ಕರಿನ ಬುಸುಗುಟ್ಟುವ ಜಿರಳೆಯನ್ನು. ನನ್ನ ಬಳಿ ಹನ್ನೊಂದು ಇವೆ. ಅಂಗೈಯಷ್ಟು ಉದ್ದವಿಲ್ಲ, ಆದರೂ ಐದರಿಂದ ಏಳು ಸೆಂಟಿಮೀಟರ್. ರೆಕ್ಕೆ ಇಲ್ಲ, ನಿಧಾನ. ಹಿಡಿದರೆ ಹೊಟ್ಟೆಯ ಪಕ್ಕದ ಉಸಿರುರಂಧ್ರಗಳಿಂದ ಗಾಳಿ ನೂಕಿ ಬುಸ್ ಎನ್ನುತ್ತದೆ, ಕುಕ್ಕರ್ ಸೀಟಿಗೆ ಮೊದಲು ಬರುವ ಸದ್ದಿನಂತೆ. ಗಂಡಿನ ಎದೆಯ ಗುರಾಣಿಯ ಮೇಲೆ ಎರಡು ಗುಬುಟು ಇರುತ್ತವೆ, ಗಂಡುಗಳು ಟಗರಿನ ಹಾಗೆ ಡಿಕ್ಕಿ ಹೊಡೆದು ಜಾಗಕ್ಕಾಗಿ ಹೋರಾಡುತ್ತವೆ. ಹೆಣ್ಣು ಮೊಟ್ಟೆಚೀಲವನ್ನು ಒಡಲಲ್ಲೇ ಇಟ್ಟುಕೊಂಡು ಎರಡು ತಿಂಗಳ ಬಳಿಕ ಮರಿಗಳನ್ನು ಹೊರಬಿಡುತ್ತದೆ. ಗಾಜಿನ ಮೇಲೆ ಸಲೀಸಾಗಿ ಏರುತ್ತವೆ, ಅಂಚಿಗೆ ವ್ಯಾಸಲೀನ್ ಬಳಿಯಬೇಕು. ಎರಡರಿಂದ ಐದು ವರ್ಷ ಬದುಕುತ್ತವೆ. ಮಗುವಿಗೆ ಕೈಮೇಲೆ ಬಿಟ್ಟುಕೊಳ್ಳಲು ಇದೇ ಉತ್ತಮ ಅಲ್ಲವೇ?

ವಿಜಯನಗರ ಬಾಲ್ಕನಿ

ಇವುಗಳನ್ನು ಮಾರುವವರು ಬೆಂಗಳೂರಿನಲ್ಲೂ ಇದ್ದಾರೆ. ಹೋದ ವರ್ಷ ಆನ್‌ಲೈನಿನಲ್ಲಿ ಒಬ್ಬರಿಂದ ಆರು ತರಿಸಿದ್ದೆ. ಗಾಳಿ ಆಡದ ಸಣ್ಣ ಡಬ್ಬಿಯಲ್ಲಿ ಮೂರು ದಿನ ಪ್ರಯಾಣ ಮಾಡಿ ಬಂದವು. ಎರಡು ಸತ್ತಿದ್ದವು, ಒಂದರ ಮೀಸೆಗಳೆರಡೂ ಮುರಿದಿದ್ದವು. ಮಾರಿದವರು ಮರುದಿನದಿಂದ ಫೋನ್ ಎತ್ತಲಿಲ್ಲ.

ಕಡತ

ಸ್ಟುಟ್‌ಗಾರ್ಟಿನವರೇ, ಅಲ್ಲಿ ಸರಿ, ಇಲ್ಲಿ ಬೇಡ. ಭಾರತಕ್ಕೆ ಜೀವಂತ ಕೀಟ ತರಲು 2003ರ ಸಸ್ಯ ಸಂಗರೋಧ ಆದೇಶದಡಿ ಅನುಮತಿ ಬೇಕು. ಇಲ್ಲಿ ಕೈಯಿಂದ ಕೈಗೆ ಮಾರಾಟವಾಗುವವುಗಳ ಮೂಲಕ್ಕೆ ಕಾಗದ ಯಾರ ಬಳಿ ಇದೆ?

ಶಿರಸಿ ತೋಟ

ಕಾಗದಕ್ಕಿಂತ ದೊಡ್ಡ ಭಯ ನನಗಿದೆ. ಮಡಗಾಸ್ಕರಿನದಕ್ಕೆ ಮಲೆನಾಡಿನ ಸೆಖೆ, ತೇವ ಎರಡೂ ಒಗ್ಗುತ್ತವೆ. ಸಾಕಿ ಬೇಸರವಾದವರು ‘ಪಾಪ, ಬದುಕಿಕೊಳ್ಳಲಿ’ ಎಂದು ತೋಟಕ್ಕೆ ಬಿಟ್ಟರೆ? ಸೀಮೆಯಿಂದ ಬಂದ ಲಂಟಾನ ಏನು ಮಾಡಿತೆಂದು ನೋಡಿದ್ದೇವೆ. ಇದರಲ್ಲಿ ನಾನು ತರಗೆಲೆಯವರ ಪಕ್ಷ: ಸಾಕುವುದೇ ಆದರೆ ನಮ್ಮ ಮಣ್ಣಿನದನ್ನು, ಸಿಕ್ಕ ಜಾಗಕ್ಕೇ ಮರಳಿ ಬಿಡಬಹುದಾದದ್ದನ್ನು ಸಾಕಿ.

ಬಸವನಗುಡಿ 4

ಹಾಗಾದರೆ ನನ್ನ ಬಚ್ಚಲಿನದೂ ನಮ್ಮ ಮಣ್ಣಿನದೇ. ಅದನ್ನೇ ಸಾಕಬಹುದಲ್ಲ?

ತರಗೆಲೆ

ಸಾಕಬಾರದು. ಬಚ್ಚಲಿನ ಕೆಂಗಂದು ಜಿರಳೆ ಚರಂಡಿಯಲ್ಲಿ ಓಡಾಡಿ ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಮೈಗೆ ಮೆತ್ತಿಕೊಂಡು ಬರುತ್ತದೆ. ಜೊತೆಗೆ ಒಂದು ತಪ್ಪಿಸಿಕೊಂಡರೂ ಮನೆಯಲ್ಲಿ ನೆಲೆಯೂರುತ್ತದೆ. ಡಾಮಿನೊ ತಪ್ಪಿಸಿಕೊಂಡರೆ ಮೊಸಾಯಿಕ್ ನೆಲದ ಮೇಲೆ ಒಣಗಿ ಸಾಯುತ್ತದೆ, ಮೊಟ್ಟೆ ಇಡಲು ಅದಕ್ಕೆ ಮಣ್ಣೇ ಬೇಕು. ಅಂದಹಾಗೆ ಅಡುಗೆಮನೆಯ ಸಣ್ಣ ಜಿರಳೆಯನ್ನು ಜರ್ಮನ್ ಜಿರಳೆ ಎನ್ನುತ್ತಾರೆ. 2024ರ ವಂಶವಾಹಿ ಅಧ್ಯಯನದ ಪ್ರಕಾರ ಅದರ ಮೂಲ ಇರುವುದು ಸುಮಾರು 2,100 ವರ್ಷಗಳ ಹಿಂದಿನ ಭಾರತ ಅಥವಾ ಮ್ಯಾನ್ಮಾರ್ ಸೀಮೆಯಲ್ಲಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಇದನ್ನು ನಾಳೆಯೇ ನನ್ನ ಸಹೋದ್ಯೋಗಿಗಳಿಗೆ ಹೇಳಬೇಕು!

ಹಳೆಯ ಮೇಷ್ಟ್ರು

ಪಿಯುಸಿ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಜಿರಳೆ ಸೀಳಿಸಿದವನು ನಾನು. ಹದಿಮೂರು ಕೋಣೆಯ ಹೃದಯ, ಹತ್ತು ಜೊತೆ ಉಸಿರುರಂಧ್ರ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದೆ. ಬದುಕಿರುವ ಜಿರಳೆ ತನ್ನ ಮೀಸೆಯನ್ನು ಬಾಯಿಗೆ ಎಳೆದುಕೊಂಡು ಬುಡದಿಂದ ತುದಿಯವರೆಗೆ ಸ್ವಚ್ಛ ಮಾಡಿಕೊಳ್ಳುವುದನ್ನು ಒಂದು ದಿನವೂ ತೋರಿಸಲಿಲ್ಲ. ಆ ಮಗುವಿಗೆ ಬೇಡ ಎನ್ನಬೇಡಿ.

ಮನೆಯಂಗಳ

ಜಿರಳೆ ಹಾಲು ಎಮ್ಮೆ ಹಾಲಿಗಿಂತ ಪುಷ್ಟಿ ಎಂದು ಬೆಂಗಳೂರಿನವರೇ ಕಂಡುಹಿಡಿದರಂತೆ. ಹಾಲು ಕರೆಯುವುದು ಹೇಗೆ?

ಹಳೆಯ ಮೇಷ್ಟ್ರು

ಕರೆಯಲು ಬರುವುದಿಲ್ಲ. 2016ರಲ್ಲಿ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡ ಪ್ರಕಟಿಸಿದ್ದು ಡಿಪ್ಲಾಪ್ಟೆರಾ ಪಂಕ್ಟಾಟಾ ಎಂಬ ಜಿರಳೆಯ ಬಗ್ಗೆ. ಅದು ಭ್ರೂಣಗಳಿಗೆ ಒಡಲಲ್ಲೇ ಪೋಷಕ ದ್ರವ ಉಣಿಸುತ್ತದೆ, ಅದು ಭ್ರೂಣದ ಕರುಳಿನಲ್ಲಿ ಹರಳುಗಟ್ಟುತ್ತದೆ. ಆ ಹರಳಿನಲ್ಲಿ ಅಷ್ಟೇ ತೂಕದ ಹಾಲಿಗಿಂತ ಮೂರು ಪಟ್ಟಿಗೂ ಹೆಚ್ಚು ಶಕ್ತಿ ಇದೆ ಎಂದು ಅಂದಾಜಿಸಿದರು. ಡಾಮಿನೊಗೆ ಇದಾವುದೂ ಅನ್ವಯಿಸದು.

ಇನ್ಹೇಲರ್

ಇಷ್ಟು ಜನ ಮಾತಾಡಿದಿರಿ, ಮನೆಯ ಹಿರಿಯರನ್ನು ಒಬ್ಬರೂ ಕೇಳಲಿಲ್ಲ. ಮಧುಗಿರಿಯವರೇ, ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ? ಜಿರಳೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆಯ ಪುಡಿ ಅಲರ್ಜಿಗೆ ದೊಡ್ಡ ಕಾರಣ. ನನಗೆ ಇದು ಪರೀಕ್ಷೆಯಲ್ಲೇ ಗೊತ್ತಾಯಿತು. ಕಾಡಿನ ಜಾತಿ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳಬೇಡಿ.

ಮಧುಗಿರಿ ತವರು

ಅತ್ತೆಯವರಿಗೆ ಉಬ್ಬಸ ಇದೆ. ಹದಿನೈದು ವರ್ಷದಿಂದ. ಇದನ್ನು ಮೊದಲೇ ಬರೆಯಬೇಕಿತ್ತು.

ಇನ್ಹೇಲರ್

ಹಾಗಾದರೆ ಆ ಮನೆಯೊಳಗೆ ತರಬೇಡಿ. ಬಾಲ್ಕನಿಯೂ ಬೇಡ, ಗಾಳಿ ಒಳಗೇ ಬರುತ್ತದೆ. ಇದರಲ್ಲಿ ರಾಜಿ ಇಲ್ಲ.

ತರಗೆಲೆ

ನಾನು ಮೊದಲು ಕೇಳಬೇಕಾದ ಪ್ರಶ್ನೆ ಇದೇ ಆಗಿತ್ತು. ತಪ್ಪು ನನ್ನದು. ಇನ್ಹೇಲರ್ ಅವರ ಮಾತೇ ಕೊನೆ. ನನ್ನ ಡಬ್ಬಿಗಳೂ ತಾರಸಿಯ ಮೇಲಿನ ಕೋಣೆಯಲ್ಲಿವೆ. ಮಣ್ಣು ಬದಲಿಸುವಾಗ ಮಾಸ್ಕ್ ಹಾಕುತ್ತೇನೆ, ಕೈ ತೊಳೆಯದೆ ಕೆಳಗಿಳಿಯುವುದಿಲ್ಲ.

ಮಧುಗಿರಿ ತವರು · ಜೂನ್ 15

ಎರಡು ದಿನ ಮಗಳ ಜೊತೆ ಕೂತು ಮಾತಾಡಿದೆ. ಅತ್ತಳು. ಆಮೇಲೆ ಅವಳೇ ಒಂದು ದಾರಿ ಹೇಳಿದಳು: ಡಬ್ಬಿ ಅಜ್ಜಿಯ ಮನೆಯ ಜಗಲಿಯಲ್ಲಿರಲಿ, ನಾವು ಹದಿನೈದು ದಿನಕ್ಕೊಮ್ಮೆ ಹೋಗೋಣ. ಹುಣಸೆ ಮರ ಅಲ್ಲಿಂದ ಇಪ್ಪತ್ತು ಹೆಜ್ಜೆ. ಅಮ್ಮ ‘ಹಸು ಸಾಕಿದವಳಿಗೆ ಇದೇನು ಮಹಾ’ ಎಂದು ಒಪ್ಪಿದ್ದಾರೆ. ಶಿರಸಿಯವರ ಮಾತಿಗೂ ಇದು ಹೊಂದುತ್ತದೆ ಎಂದುಕೊಂಡಿದ್ದೇನೆ.

ಶಿರಸಿ ತೋಟ

ಹೊಂದುತ್ತದೆ. ನಾಲ್ಕಕ್ಕಿಂತ ಹೆಚ್ಚು ಹಿಡಿಯಬೇಡಿ. ಮರದ ಕೆಳಗೆ ಬೆಂಕಿ ಹಾಕುವುದಿಲ್ಲ ಎಂದು ಅಮ್ಮನವರಿಂದ ಮಾತು ತೆಗೆದುಕೊಳ್ಳಿ.

ತರಗೆಲೆ

ಬಹಳ ಸಂತೋಷವಾಯಿತು. ಜಗಲಿ ಎಂದಿರಿ, ಹಾಗಾಗಿ ಇರುವೆಯ ಮಾತು ಹೇಳಲೇಬೇಕು. ಒಂದೇ ರಾತ್ರಿಯಲ್ಲಿ ಡಬ್ಬಿ ಖಾಲಿ ಮಾಡುತ್ತವೆ. ಇರುವೆ ಚಾಕ್ ಗೀಚಬೇಡಿ, ಅದು ಜಿರಳೆಗೂ ವಿಷ. ಸೊಳ್ಳೆ ಬತ್ತಿ, ಸೊಳ್ಳೆ ಲಿಕ್ವಿಡ್ ಯಾವುದೂ ಹತ್ತಿರ ಇರಬಾರದು. ಹಳೆಯ ಕಾಲದಲ್ಲಿ ತಿಂಡಿ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಹಾಗೆಯೇ ಸ್ಟೂಲಿನ ಕಾಲುಗಳನ್ನು ನೀರಿನಲ್ಲಿಟ್ಟು ಅದರ ಮೇಲೆ ಡಬ್ಬಿ ಇಡಿ.

ಮಧುಗಿರಿ ತವರು · ಸೆಪ್ಟೆಂಬರ್ 21

ನಾಲ್ಕರಲ್ಲಿ ಮೂರು ತೀರಿಕೊಂಡವು. ಆಯಸ್ಸು ಅಷ್ಟೇ ಎಂದು ನೀವು ಮೊದಲೇ ಹೇಳಿದ್ದರಿಂದ ಮಗಳು ತಡೆದುಕೊಂಡಳು. ಅಮ್ಮ ಅವನ್ನು ‘ಬೊಟ್ಟಿನ ಹುಳು’ ಎಂದು ಕರೆಯುತ್ತಾರೆ, ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ನೋಡುತ್ತಾರಂತೆ. ಮಣ್ಣಿನಲ್ಲಿ ಹುರುಳಿಕಾಳಿನಷ್ಟು ಕಂದು ಬಣ್ಣದ ಏನೋ ಸಿಕ್ಕಿದೆ. ಒಂದು ಅಂಚು ಗರಗಸದಂತಿದೆ. ಹಿಕ್ಕೆಯೇ?

ತರಗೆಲೆ

ಅಲ್ಲ, ಮೊಟ್ಟೆಚೀಲ! ಎಲ್ಲಿತ್ತೋ ಅಲ್ಲೇ ಮುಚ್ಚಿ. ಮರಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಕೆದಕಬೇಡಿ, ಒಣಗಲು ಬಿಡಬೇಡಿ.

ಹಳೆಯ ಮೇಷ್ಟ್ರು

ಎಷ್ಟು ಸಿಕ್ಕಿವೆ? ಮಗು ಬರೆದಿಡುತ್ತಿದ್ದಾಳೆಯೇ?

ಮಧುಗಿರಿ ತವರು

ಏಳು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಚಿತ್ರ ಬರೆದಿದ್ದಾಳೆ.

ಮಧುಗಿರಿ ತವರು · ಡಿಸೆಂಬರ್ 28

ಇವತ್ತು ಬೆಳಿಗ್ಗೆ ಕ್ಯಾರೆಟ್ ಚೂರು ಎತ್ತಿದಾಗ ಅದರ ಅಡಿಯಲ್ಲಿ ಎಳ್ಳಿಗಿಂತ ತುಸು ದೊಡ್ಡದೊಂದು ಅಲುಗಾಡಿತು. ಮಣ್ಣಿನದೇ ಬಣ್ಣ. ಮಗಳು ಉಸಿರು ಬಿಗಿಹಿಡಿದು ನೋಡಿದಳು, ಎರಡು ಸಣ್ಣ ಮೀಸೆ ಹೊರಬಂದವು, ಮತ್ತೆ ಮಣ್ಣಿನೊಳಗೆ ಹೋಯಿತು. ಅಮ್ಮ ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದು ತೋರಿಸಿದರು. ಅತ್ತೆಯವರಿಗೆ ವಿಡಿಯೊ ಕಳಿಸಿದೆವು. ‘ಎಷ್ಟು ಮರಿ?’ ಎಂದು ಕೇಳಿದ್ದಾರೆ. ಡಬ್ಬಿಯ ಫೋಟೊ ಹಾಕಿದ್ದೇನೆ, ನೋಡಿ ಹೇಳಿ.

ತರಗೆಲೆ

ನೋಡಿದೆ, ಕಣ್ಣು ತುಂಬಿತು. ಎಡಬದಿಯ ಮಣ್ಣು ಮಾತ್ರ ಗೋಡೆಯಿಂದ ಬಿಟ್ಟುಕೊಂಡಿದೆ, ಒಣಗಿದೆ ಎಂದರ್ಥ. ಈ ಚಳಿಗಾಳಿಗೆ ಬೇಗ ಆರುತ್ತದೆ. ಇವತ್ತು ಸಂಜೆ ಅಂಚಿನಿಂದ ಎರಡು ಚಮಚ ನೀರು ಇಳಿಬಿಡಿ. ಮೇಲಿನಿಂದ ಸುರಿಯಬೇಡಿ, ಮರಿ ಅಲ್ಲೇ ಕೆಳಗಿದೆ.